ಷೇರಿನ ಜೊತೆಗೆ ಸರಕು: ಹಿರಿಯೂರಿನವರಿಗೆ ಯಾವುದು, ಎಷ್ಟು?

ಸರಕು ಏಕೆ?

ಷೇರಿನ ಬೆಲೆಯನ್ನು ನಡೆಸುವುದು ಕಂಪನಿಯ ಲಾಭ. ಚಿನ್ನ, ಕಚ್ಚಾತೈಲ, ತಾಮ್ರ, ಹತ್ತಿಯಂಥ ಸರಕುಗಳ ಬೆಲೆಯನ್ನು ನಡೆಸುವುದು ಮಳೆ, ಇಳುವರಿ, ಯುದ್ಧ, ರಫ್ತು ನೀತಿ, ಡಾಲರ್ ದರ. ಕಾರಣಗಳೇ ಬೇರೆಯಾದ್ದರಿಂದ ಎರಡೂ ಒಟ್ಟಿಗೆ ಕುಸಿಯುವುದು ಕಡಿಮೆ. ಆದರೆ ಸರಕಿಗೆ ಲಾಭಾಂಶವಿಲ್ಲ, ಬಡ್ಡಿಯಿಲ್ಲ. ಬೆಲೆ ಏರಿದರಷ್ಟೇ ಲಾಭ.

2008ರ ಲೆಕ್ಕ

2008ರಲ್ಲಿ ಸೆನ್ಸೆಕ್ಸ್ 20,286ರಿಂದ 9,647ಕ್ಕೆ ಇಳಿಯಿತು. ರೂಪಾಯಿ ದುರ್ಬಲವಾಗಿದ್ದರಿಂದ ಅದೇ ವರ್ಷ ನಮ್ಮ ಚಿನಿವಾರ ಪೇಟೆಯಲ್ಲಿ ಚಿನ್ನ ಸುಮಾರು ಕಾಲು ಭಾಗ ಏರಿತು. 1 ಲಕ್ಷ ರೂಪಾಯಿಯನ್ನು ಪೂರ್ತಿ ಷೇರಿನಲ್ಲಿಟ್ಟವರ ಕೈಯಲ್ಲಿ ವರ್ಷದ ಕೊನೆಗೆ ಉಳಿದದ್ದು ಸುಮಾರು 48,000. 80,000 ಷೇರಿಗೆ, 20,000 ಚಿನ್ನಕ್ಕೆ ಹಾಕಿದ್ದವರಿಗೆ ಸುಮಾರು 63,000. ನಷ್ಟ ಇಬ್ಬರಿಗೂ ಆಯಿತು. ಆದರೆ ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಬಂದಾಗ ಎರಡನೆಯವರು ಬಿದ್ದ ಬೆಲೆಗೆ ಷೇರು ಮಾರಬೇಕಿರಲಿಲ್ಲ. ನನ್ನ ಮಟ್ಟಿಗೆ ಚಿನ್ನದ ನಿಜವಾದ ಉಪಯೋಗ ಇದೇ.

ಚಿನ್ನ ಏರುತ್ತಲೇ ಇರುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. 2012ರ ಕೊನೆಯಲ್ಲಿ 10 ಗ್ರಾಂಗೆ 30,000 ರೂಪಾಯಿ ದಾಟಿದ್ದ ಬೆಲೆ 2015ರ ಕೊನೆಗೆ 25,000ದ ಆಸುಪಾಸಿಗೆ ಬಂದಿತ್ತು.

ಮನೆಯಲ್ಲಿ ಆಗಲೇ ಇರುವ ಸರಕು

ಹೂಡಿಕೆಯ ಸಲಹೆಗಳು ಹೆಚ್ಚಾಗಿ ಪೇಟೆಯ ಸಂಬಳದಾರರಿಗೆ ಬರೆದವು. ಹಿರಿಯೂರಿನ ಸ್ಥಿತಿ ಬೇರೆ. ವಾಣಿವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿ ತೆಂಗು, ಅಡಿಕೆ. ಖುಷ್ಕಿಯಲ್ಲಿ ಶೇಂಗಾ, ಈರುಳ್ಳಿ, ಮೆಕ್ಕೆಜೋಳ. ಹೊಸದುರ್ಗ, ಹೊಳಲ್ಕೆರೆಯ ತೋಟದವರದೂ ಇದೇ ಕಥೆ. ಬೆಳೆಗಾರರಷ್ಟೇ ಅಲ್ಲ, ಗೊಬ್ಬರದ ಅಂಗಡಿಯವರ, ಮಂಡಿಯವರ, ಲಾರಿ ಮಾಲೀಕರ ಆದಾಯವೂ ಬೆಳೆಯ ಬೆಲೆಗೇ ಕಟ್ಟುಬಿದ್ದಿದೆ.

ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ 2023ರಲ್ಲಿ ಕ್ವಿಂಟಲ್‌ಗೆ 8,000 ರೂಪಾಯಿಯ ಆಸುಪಾಸಿಗೆ ಕುಸಿದು, 2025ರಲ್ಲಿ 20,000 ದಾಟಿತು. ಇಷ್ಟೊಂದು ಏರಿಳಿತ ಷೇರಿನಲ್ಲೂ ಅಪರೂಪ. ಇಂಥ ಆದಾಯದ ಮೇಲೆ ಬದುಕುವ ಕುಟುಂಬ ಮತ್ತೆ ಕೃಷಿ ಸರಕಿಗೇ ಹಣ ಹಾಕಿದರೆ ಅಪಾಯ ಹಂಚಿಹೋಗುವುದಿಲ್ಲ, ದುಪ್ಪಟ್ಟಾಗುತ್ತದೆ. ಇವರಿಗೆ ಷೇರು ಸೂಚ್ಯಂಕದ ಫಂಡೇ ವೈವಿಧ್ಯ. ಮೇಲೊಂದಿಷ್ಟು ಚಿನ್ನವಿದ್ದರೆ ಸಾಕು. ಉಳಿತಾಯವನ್ನೆಲ್ಲ ಷೇರಿನಲ್ಲೇ ಇಟ್ಟಿರುವ ಶಿಕ್ಷಕರು, ನೌಕರರು ಸರಕಿನ ಪಾಲು ಸ್ವಲ್ಪ ಹೆಚ್ಚಿಸಿಕೊಳ್ಳಬಹುದು.

ವಾಯಿದಾ ವ್ಯಾಪಾರ

ಮುಂದೊಂದು ದಿನದ ಕೊಡು-ಕೊಳ್ಳುವಿಕೆಗೆ ಬೆಲೆಯನ್ನು ಈಗಲೇ ಗೊತ್ತುಮಾಡುವ ಒಪ್ಪಂದವೇ ವಾಯಿದಾ. ಅದು ನಡೆಯುವ ಎಂಸಿಎಕ್ಸ್, ಎನ್‌ಸಿಡಿಇಎಕ್ಸ್ ವಿನಿಮಯ ಕೇಂದ್ರಗಳು 2003ರಲ್ಲಿ ಶುರುವಾದವು. 2015ರಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಗಾದಲ್ಲಿವೆ. ಇಲ್ಲಿ ಪೂರ್ತಿ ಹಣ ಕೊಡದೆ ಮುಂಗಡದ ಮೇಲೆ ದೊಡ್ಡ ವ್ಯವಹಾರ ಮಾಡಬಹುದು. ನಷ್ಟವೂ ಅಷ್ಟೇ ದೊಡ್ಡದು. ಹತ್ತಿ ಬೆಳೆದವರು ಇಲ್ಲಿ ಹತ್ತಿಯ ವಾಯಿದಾ ಕೊಂಡರೆ ಅದು ಜೂಜು, ಮಾರಿದರೆ ಬೆಲೆಗೆ ರಕ್ಷಣೆ. ಆದರೆ ಈ ರಕ್ಷಣೆ ಎಲ್ಲ ಬೆಳೆಗೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಸೆಬಿ ಏಳು ಕೃಷಿ ಸರಕುಗಳ ವಾಯಿದಾ ವ್ಯಾಪಾರವನ್ನು ತಡೆಹಿಡಿಯಿತು. ನಮ್ಮ ಕಪ್ಪುನೆಲದ ಹಿಂಗಾರಿ ಕಡಲೆಯೂ ಅದರಲ್ಲಿ ಸೇರಿತ್ತು.

2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಬೆಲೆ ಸೊನ್ನೆಗಿಂತ ಕೆಳಗಿಳಿದಾಗ, ಎಂಸಿಎಕ್ಸ್ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಯಂತೆ ಲೆಕ್ಕ ಚುಕ್ತಾ ಮಾಡಿತು. ತೈಲ ಕೊಂಡು ಕೂತಿದ್ದವರು ಹಾಕಿದ ಹಣ ಕಳೆದುಕೊಂಡದ್ದಲ್ಲದೆ ಕೈಯಿಂದಲೂ ತುಂಬಬೇಕಾಯಿತು.

ಕೊಳ್ಳುವ ದಾರಿ

ಒಡವೆಯಲ್ಲಿ ಮಜೂರಿ, ಸವಕಲು ಹೋಗುತ್ತದೆ, ಅದು ಹೂಡಿಕೆಯಲ್ಲ. ಷೇರಿನಂತೆಯೇ ಕೊಂಡು ಮಾರಬಹುದಾದ ಫಂಡ್, ಅಂದರೆ ಇಟಿಎಫ್, ಚಿನ್ನದ್ದು 2007ರಿಂದ, ಬೆಳ್ಳಿಯದು 2022ರಿಂದ ಲಭ್ಯ. ಡಿಮ್ಯಾಟ್ ಖಾತೆಯಿದ್ದರೆ ಸಾಕು. 2015ರ ಮೊದಲ ಸಾವರಿನ್ ಗೋಲ್ಡ್ ಬಾಂಡ್ ಗ್ರಾಂಗೆ 2,684 ರೂಪಾಯಿಗೆ ಸಿಕ್ಕಿ, 2023ರಲ್ಲಿ 6,132 ರೂಪಾಯಿಗೆ ತೀರಿತು, ಬಡ್ಡಿ ಬೇರೆ. 2024ರ ಫೆಬ್ರುವರಿಯ ಕಂತಿನ ನಂತರ ಹೊಸ ಬಾಂಡ್ ಬಂದಿಲ್ಲ. ಆಯ್ಕೆಯ ತಲೆನೋವು ಬೇಡವೆಂದರೆ ಮಲ್ಟಿ ಅಸೆಟ್ ಫಂಡ್‌ಗಳಿವೆ. ಅವು ಕನಿಷ್ಠ ಮೂರು ಬಗೆಯ ಆಸ್ತಿಗಳಲ್ಲಿ ತಲಾ ಶೇ 10ರಷ್ಟಾದರೂ ತೊಡಗಿಸಲೇಬೇಕು.

ಒಟ್ಟು ಉಳಿತಾಯದಲ್ಲಿ ಸರಕಿನ ಪಾಲು ಶೇ 10–15 ಮೀರದಿರಲಿ. ವರ್ಷಕ್ಕೊಮ್ಮೆ ಲೆಕ್ಕ ನೋಡಿ, ಹೆಚ್ಚು ಏರಿದ್ದನ್ನು ಸ್ವಲ್ಪ ಮಾರಿ, ಇಳಿದದ್ದಕ್ಕೆ ಸೇರಿಸಿ. ವಾಟ್ಸ್‌ಆ್ಯಪ್ ಗುಂಪಿನ ಟಿಪ್ಸ್ ನಂಬಿ ವಾಯಿದಾಕ್ಕೆ ಇಳಿಯುವ ಮುನ್ನ, ಸಲಹೆ ಕೊಟ್ಟವರಿಗೆ ಸೆಬಿ ನೋಂದಣಿ ಇದೆಯೇ ಎಂದು ದಯವಿಟ್ಟು ಪರೀಕ್ಷಿಸಿ.