ಕೋಡಂಗಿಯಿಂದ ಮುಂಡಾಸಿನವರೆಗೆ: ಉಡುಪಿ ಸೀಮೆಯ ಕುಣಿತದಲ್ಲಿ ದೇಹದ ಸಮತೋಲನ

ನಂದಿಕೇಶ್ವರನ 'ಅಭಿನಯದರ್ಪಣ'ವು ಮಂಡಲಗಳೆಂಬ ಹತ್ತು ನಿಲುವುಗಳನ್ನೂ ಭ್ರಮರಿಗಳೆಂಬ ಏಳು ಬಗೆಯ ಸುತ್ತುಗಳನ್ನೂ ವಿವರಿಸುತ್ತದೆ. ನಿಂತ ದೇಹ ವಾಲದಂತೆ, ಸುತ್ತಿದ ದೇಹ ತೂಗಾಡದಂತೆ ಕಾಯುವ ಶಿಕ್ಷಣ ನೃತ್ಯದಷ್ಟೇ ಹಳೆಯದೆಂಬುದಕ್ಕೆ ಇದೇ ಸಾಕ್ಷಿ. ಭರತನಾಟ್ಯದ ಅರೆಮಂಡಿಯು, ಅಂದರೆ ಬೆನ್ನನ್ನು ನೆಟ್ಟಗಿರಿಸಿ ಮಂಡಿಗಳನ್ನು ಹೊರಕ್ಕೆ ಮಡಿಸುವ ನಿಲುವು, ದೇಹದ ಗುರುತ್ವಕೇಂದ್ರವನ್ನು ಕೆಳಗಿಳಿಸಿ ನರ್ತಕಿಗೆ ಸ್ಥಿರತೆ ನೀಡುತ್ತದೆ. ಉಡುಪಿ ಸೀಮೆಯಲ್ಲಿ ಈ ವಿದ್ಯೆ ಗ್ರಂಥದ ಆಸರೆಯಿಲ್ಲದೆ ಯಕ್ಷಗಾನ ಮೇಳಗಳ ದುಡಿಮೆಯೊಳಗೇ ಬೆಳೆಯಿತು. ದಕ್ಷಿಣದ ಕಾಪು, ಕಾರ್ಕಳಗಳ ಕಡೆ ತೆಂಕುತಿಟ್ಟು ಶೈಲಿಯ ರಭಸದ ಧೀಂಗಣ ಸುತ್ತುಗಳಿಗೆ ಮನ್ನಣೆಯಿದ್ದರೆ, ಉತ್ತರದ ಬಡಗುತಿಟ್ಟು ಶೈಲಿಯಲ್ಲಿ ಮಂಡಿಯೂರಿ ಸುತ್ತುವ ಕುಣಿತ ಕಲಾವಿದನ ಕಸುವಿಗೆ ಒರೆಗಲ್ಲಾಗಿತ್ತು.

ಬಡಗಿನಲ್ಲಿ ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗವನ್ನು ವಿದ್ವಾಂಸರು ಬಹುಮಟ್ಟಿಗೆ ಪೂಜಾವಿಧಿಯೆಂದೇ ಕಂಡಿದ್ದಾರೆ, ಆದರೆ ಅದು ಶ್ರೇಣೀಕೃತ ಪಾಠಶಾಲೆಯೂ ಆಗಿತ್ತು. ಮೇಳ ಸೇರಿದ ಹುಡುಗ ಮೊದಲು ಹಗುರ ಉಡುಗೆಯ ಕೋಡಂಗಿಯಾಗಿ ತಾಳಕ್ಕೆ ಹೆಜ್ಜೆ ಹೊಂದಿಸಿ, ಬಳಿಕ ಬಾಲಗೋಪಾಲನಾಗಿ, ಪೀಠಿಕಾ ಸ್ತ್ರೀವೇಷವಾಗಿ ರಂಗಸ್ಥಳದಲ್ಲಿ ಪಳಗಿ, ವರ್ಷಗಳ ನಂತರವಷ್ಟೇ ಹುಲ್ಲಿನ ಅಟ್ಟೆಗೆ ಬಟ್ಟೆ ಸುತ್ತಿ ಕಟ್ಟುವ ಮುಂಡಾಸಿನ ವೇಷಕ್ಕೆ ಏರುತ್ತಿದ್ದನು. ತಲೆಯ ಭಾರ ಹೆಚ್ಚಿದಷ್ಟೂ ಗುರುತ್ವಕೇಂದ್ರ ಮೇಲೇರುವುದರಿಂದ, ಒಳಕಿವಿ, ಕಣ್ಣು, ಪಾದ ಮತ್ತು ಕೀಲುಗಳಿಂದ ಮಿದುಳಿಗೆ ಬರುವ ಸೂಚನೆಗಳಿಗೆ ತಕ್ಕಂತೆ ಸ್ನಾಯುಗಳು ಮರುಕ್ಷಣವೇ ಸರಿಹೊಂದಬೇಕಾಗುತ್ತದೆ. ಈ ಹೊಂದಾಣಿಕೆ ಬಾಯಿಮಾತಿನ ಪಾಠದಿಂದ ಬರುವುದಿಲ್ಲ, ಮೈಗೆ ಬರಬೇಕು. ಭಾರವನ್ನು ಇಷ್ಟು ತಾಳ್ಮೆಯಿಂದ ಹಂತಹಂತವಾಗಿ ಏರಿಸಿದ ಕ್ರಮ ನಿಜಕ್ಕೂ ಮೆಚ್ಚತಕ್ಕದ್ದು.

ಟಿಕೇಟಿನ ಡೇರೆ ಮೇಳಗಳು ಬಂದು, ಮುಂದೆ ಕಾಲಮಿತಿಯ ಆಟಗಳು ಹಬ್ಬಿದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಅದರೊಂದಿಗೆ ಎಳೆಯರ ಕಲಿಕೆಯ ಮೆಟ್ಟಿಲುಗಳೂ ಸವೆದವು. 1971ರಲ್ಲಿ ಕೋಟ ಶಿವರಾಮ ಕಾರಂತ ಮತ್ತು ಪ್ರೊ. ಕು.ಶಿ. ಹರಿದಾಸ ಭಟ್ಟರ ಮುಂದಾಳತ್ವದಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಹುಟ್ಟಿದ ಯಕ್ಷಗಾನ ಕೇಂದ್ರವು ಈ ಕೊರತೆಯನ್ನು ತುಂಬಲು ಮುಂದಾಯಿತು. ಅಲ್ಲಿ ಮಟಪಾಡಿ ವೀರಭದ್ರ ನಾಯಕರು ಹೆಜ್ಜೆಗಾರಿಕೆಯನ್ನೂ ಹಿರಿಯಡಕ ಗೋಪಾಲರಾಯರು ಮದ್ದಲೆಯನ್ನೂ ಕಲಿಸಿದರು. ಅದೇ ಕೇಂದ್ರದಲ್ಲಿ ಕಲಿತ ಬನ್ನಂಜೆ ಸಂಜೀವ ಸುವರ್ಣರು ಮುಂದೆ ಅಲ್ಲಿಯೇ ಗುರುಗಳಾದರು. ಇಂದು ಈ ಕೇಂದ್ರ ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್‌ನ (ಮಾಹೆ) ಅಂಗಸಂಸ್ಥೆ. ವೈದ್ಯವಿಜ್ಞಾನವೂ ಕುಣಿತವೂ ಒಂದೇ ಆಡಳಿತದಡಿ ಇರುವ ಇಂಥ ಊರಿನಲ್ಲಿ ಕೋಡಂಗಿಯಿಂದ ಮುಂಡಾಸಿನವರೆಗಿನ ಹಳೆಯ ಕ್ರಮವನ್ನು ದೇಹಶಾಸ್ತ್ರದ ಕಣ್ಣಿನಿಂದ ವಿವರವಾಗಿ ದಾಖಲಿಸುವ ಕೆಲಸ, ಅದನ್ನು ಮೈಯಲ್ಲಿ ಹೊತ್ತ ಹಿರಿಯ ಕಲಾವಿದರು ನಮ್ಮೊಡನಿರುವಾಗಲೇ ನಡೆಯಬೇಕು.