ಹಳೇ ಪ್ರೊಜೆಕ್ಟರ್‌ನ ಚಿಪ್‌ನಿಂದ ಸೂಪರ್ ಮೈಕ್ರೋಸ್ಕೋಪ್ ಆಗುತ್ತದೆಯೇ?

"ಹಾಳಾದ ಪ್ರೊಜೆಕ್ಟರ್ ಬಿಚ್ಚಿ, ಒಳಗಿನ ಕನ್ನಡಿ ಚಿಪ್ಪನ್ನು ಮೈಕ್ರೋಸ್ಕೋಪ್‌ಗೆ ಹಾಕಿದರೆ ವೈರಸ್ ಕೂಡ ಕಾಣುತ್ತದೆ", "ಕಂಪನಿಗೆ ಒಂದು ಮೇಲ್ ಹಾಕಿದರೆ ಚಿಪ್ ಪುಕ್ಕಟೆ ಬರುತ್ತದೆ". ಇಂಥ ಮಾತು ನಿಮ್ಮ ಮೊಬೈಲ್‌ಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ. ಬೀದರ್ ಜಿಲ್ಲೆಯ ಠಾಣಾ ಕುಶನೂರಿನಂಥ ಊರಿನಿಂದ ಕಾಲೇಜಿಗೆ ಹೋದ ಹುಡುಗಿ ಇದನ್ನು ನಂಬಿದರೆ ಮನೆಯವರ ದುಡ್ಡೂ ಹೋಗಬಹುದು, ಪ್ರಾಜೆಕ್ಟೂ ನಿಂತುಹೋಗಬಹುದು.

ಏನಿದು ಕನ್ನಡಿ ಚಿಪ್?

ಇದರ ಹೆಸರು ಡಿಜಿಟಲ್ ಮೈಕ್ರೋಮಿರರ್ ಡಿವೈಸ್, ಚಿಕ್ಕದಾಗಿ ಡಿಎಂಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ವಿಜ್ಞಾನಿ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಇದನ್ನು ರೂಪಿಸಿದರು. 1024×768 ಚಿಪ್‌ನಲ್ಲಿ 7,86,432 ಅಲ್ಯೂಮಿನಿಯಂ ಕನ್ನಡಿಗಳಿರುತ್ತವೆ. ಒಂದೊಂದೂ ತಲೆಗೂದಲಿನ ದಪ್ಪಕ್ಕಿಂತ ಚಿಕ್ಕದು. ಅನೇಕ ಮಾದರಿಗಳಲ್ಲಿ ಇವು ಆಚೆಗೆ 12, ಈಚೆಗೆ 12 ಡಿಗ್ರಿ ವಾಲುತ್ತವೆ. ಒಂದು ಕಡೆ ವಾಲಿದರೆ ಬೆಳಕು, ಇನ್ನೊಂದು ಕಡೆ ವಾಲಿದರೆ ಕತ್ತಲು.

ಮೈಕ್ರೋಸ್ಕೋಪ್‌ನಲ್ಲಿ ಏನು ಕೆಲಸ?

ಇದು ನಿಜ: ಸಂಶೋಧಕರು ಈ ಚಿಪ್‌ನಿಂದ ಮಾದರಿಯ ಮೇಲೆ ಬೆಳಕಿನ ಪಟ್ಟೆಗಳನ್ನು ಬೀಳಿಸುತ್ತಾರೆ. ಪಟ್ಟೆ ಸರಿಸುತ್ತ ಹಲವು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಕೂಡಿಸುತ್ತಾರೆ. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್‌ನ ಮಿತಿ ಸುಮಾರು 200 ನ್ಯಾನೋಮೀಟರ್. ಈ ವಿಧಾನದಲ್ಲಿ ಅದು ಸುಮಾರು 100ಕ್ಕೆ ಇಳಿಯುತ್ತದೆ. ಕೊರೊನಾ ವೈರಸ್‌ನ ಗಾತ್ರವೇ ಸುಮಾರು 100 ನ್ಯಾನೋಮೀಟರ್. ಅದರ ರಚನೆ ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು.

ಹಳೇ ಪ್ರೊಜೆಕ್ಟರ್ ಬಿಚ್ಚಬಹುದೇ?

ಬೇಡ ಎನ್ನುತ್ತೇವೆ. ಎಲ್ಲ ಪ್ರೊಜೆಕ್ಟರ್‌ಗಳಲ್ಲೂ ಈ ಚಿಪ್ ಇರುವುದಿಲ್ಲ, ಡಿಎಲ್‌ಪಿ ಎಂದು ಬರೆದಿರುವುದರಲ್ಲಿ ಮಾತ್ರ. ಪರದೆ ಮೇಲೆ ಬಿಳಿ ಚುಕ್ಕಿ ಕಾಣುತ್ತಿದ್ದರೆ ಕನ್ನಡಿಗಳು ಸಿಕ್ಕಿಕೊಂಡಿರಬಹುದು. ಒಳಗಿನ ಬೋರ್ಡ್ ವಿಡಿಯೋಗೆಂದು ಮಾಡಿದ್ದು. ಕ್ಯಾಮೆರಾ ಜೊತೆ ಹೊಂದಿಸಿ ಬೇಕಾದ ಕ್ಷಣಕ್ಕೆ ಪಟ್ಟೆ ಬದಲಿಸಲು ಒಗ್ಗುವುದಿಲ್ಲ. ಹಳೇ ದೀಪದಲ್ಲಿ ಪಾದರಸವಿರುತ್ತದೆ, ಒಡೆದರೆ ಅಪಾಯ.

ಹಾಗಾದರೆ ಚಿಪ್ ಪಡೆಯುವುದು ಹೇಗೆ?

ಸಣ್ಣ ಐಸಿಗಳ ಹಾಗೆ ಉಚಿತ ನಮೂನೆ ಬರುತ್ತದೆಂದು ಕಾಯುತ್ತ ಕೂರಬೇಡಿ. ಬರೀ ಚಿಪ್ ಬಂದರೂ ಅದಕ್ಕೆ ಹೊಂದುವ ಕಂಟ್ರೋಲರ್ ಇಲ್ಲದೆ ಅದು ಕೆಲಸ ಮಾಡದು. ಚಿಪ್ ಮತ್ತು ಕಂಟ್ರೋಲರ್ ಎರಡೂ ಇರುವ ಪರೀಕ್ಷಾ ಬೋರ್ಡ್‌ಗಳು ಮಾರಾಟಕ್ಕಿವೆ. ಕಾಲೇಜಿನ ಮೂಲಕವೇ ಪತ್ರ ಬರೆಯಿರಿ. ಪತ್ರದಲ್ಲಿ ಇವಿಷ್ಟು ಕೇಳಿ:

• ನಮ್ಮ ಬೆಳಕಿನ ತರಂಗಾಂತರಕ್ಕೆ ಚಿಪ್‌ನ ಗಾಜು ಹೊಂದುತ್ತದೆಯೇ?
• ಕನ್ನಡಿಯ ಅಳತೆ ಎಷ್ಟು, ಸೆಕೆಂಡಿಗೆ ಎಷ್ಟು ಚಿತ್ರ ಬದಲಿಸಬಹುದು?
• ಕ್ಯಾಮೆರಾಗೆ ಸಿಗ್ನಲ್ ಕೊಡುವ ವ್ಯವಸ್ಥೆ ಇದೆಯೇ?
• ಬಿಲ್ ಮತ್ತು ವಾರಂಟಿ ಕೊಡುತ್ತೀರಾ?

ಬಿಲ್ ಕೊಡದೆ ಮುಂಗಡ ಕೇಳುವವರಿಗೆ ಒಂದು ರೂಪಾಯಿಯೂ ಕಳಿಸಬೇಡಿ.

ಕೊಳ್ಳದೆಯೂ ದಾರಿಯಿದೆ

ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲ್ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ಅದರಲ್ಲಿ ಹುಡುಕಿ, ಸಮಯ ಕಾಯ್ದಿರಿಸಬಹುದು. ಚಿಪ್ ಹಿಂದೆ ಬೀಳುವ ಮುನ್ನ ನಿಮ್ಮ ಮೇಷ್ಟ್ರ ಜೊತೆ ಕೂತು ಇದನ್ನು ನೋಡಿ. ನಿಮಗೆ ಬೇಕಿರುವುದು ಚಿಪ್ ಅಲ್ಲ, ಅದು ತೋರಿಸುವ ಚಿತ್ರ.

ಒಟ್ಟಿನಲ್ಲಿ: ಚಿಪ್‌ನ ಉಪಯೋಗ ನಿಜ, ಪುಕ್ಕಟೆ ಸಿಗುತ್ತದೆ, ಮನೆಯಲ್ಲೇ ವೈರಸ್ ಕಾಣುತ್ತದೆ ಎಂಬ ಮಾತು ನಂಬುವಂಥದ್ದಲ್ಲ.