ಎಣಿಸಬಲ್ಲ ಗ್ರೂಪು, ಕಟ್ಟಲಾಗದ ದೂರ

1906ರ ತಮ್ಮ ಪ್ಯಾರಿಸ್ ಪ್ರಬಂಧದಲ್ಲಿ ಮೋರಿಸ್ ಫ್ರೆಶೆ ದೂರವನ್ನು ಜ್ಯಾಮಿತಿಯ ಹಂಗಿನಿಂದ ಬಿಡಿಸಿ, ಯಾವ ಗಣದ ಮೇಲಾದರೂ ಹೂಡಬಹುದಾದ ಕೆಲವೇ ನಿಯಮಗಳಿಗೆ ಇಳಿಸಿದರು. 1914ರಲ್ಲಿ ಫೆಲಿಕ್ಸ್ ಹೌಸ್ಡಾರ್ಫ್ ದೂರವನ್ನೂ ಕೈಬಿಟ್ಟರು. ಒಂದೊಂದು ಬಿಂದುವಿಗೂ ಯಾವ ಗಣಗಳು ನೆರೆಹೊರೆ ಎಂದು ಹೇಳಿಬಿಟ್ಟರೆ ಟೊಪಾಲಜಿ ನಡೆಯುತ್ತದೆ, ಅಳತೆಗೋಲು ಬೇಕಿಲ್ಲ. ಹಾಗಾದರೆ ಕೊಟ್ಟ ನೆರೆಹೊರೆಗಳ ಹಿಂದೆ ದೂರವೊಂದು ಅಡಗಿದೆಯೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಮೊದಲ ದೊಡ್ಡ ಉತ್ತರ ಕೊಟ್ಟವರು ಮಾಸ್ಕೋದ ಪಾವೆಲ್ ಉರಿಸಾನ್. 1924ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳಿಯ ಸಮುದ್ರದಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ 26 ವರ್ಷ. ಪ್ರಮೇಯ ಅಚ್ಚಾದದ್ದು ಮರುವರ್ಷ.

ಗ್ರೂಪುಗಳ ವಿಷಯದಲ್ಲಿ ಉತ್ತರ ಇನ್ನೂ ಸರಳವಾಗಿ ಸಿಕ್ಕಿತು. ಗುಣಿಸುವುದೂ ವಿಲೋಮ ತೆಗೆಯುವುದೂ ಅವಿಚ್ಛಿನ್ನವಾಗಿರುವಂತೆ ಟೊಪಾಲಜಿ ಕೊಟ್ಟ ಗ್ರೂಪನ್ನು ಆಟ್ಟೊ ಶ್ರೈಯರ್ 1925ರಲ್ಲಿಯೂ ಫ್ರಾನ್ಸಿಸೆಕ್ ಲೇಯಾ 1927ರಲ್ಲಿಯೂ ಅಮೂರ್ತವಾಗಿ ನಿರೂಪಿಸಿದ್ದರು. ಇಂಥ ಗ್ರೂಪಿನಲ್ಲಿ ತಟಸ್ಥಾಂಶದ ನೆರೆಹೊರೆ ಗೊತ್ತಾದರೆ ಎಲ್ಲವೂ ಗೊತ್ತಾದಂತೆ, ಏಕೆಂದರೆ ಅದನ್ನೇ ಬೇರೆ ಬಿಂದುವಿಗೆ ಸರಿಸಿಕೊಳ್ಳಬಹುದು. 1936ರಲ್ಲಿ ಅಮೆರಿಕದ ಗ್ಯಾರೆಟ್ ಬರ್ಕಾಫ್ ಮತ್ತು ಜಪಾನಿನ ಶಿಜುವೊ ಕಕುತಾನಿ ಪರಸ್ಪರ ಸಂಬಂಧವಿಲ್ಲದೆ ಒಂದೇ ಪ್ರಮೇಯಕ್ಕೆ ಬಂದರು: ತಟಸ್ಥಾಂಶದ ಸುತ್ತಲಿನ ಎಲ್ಲ ನೆರೆಹೊರೆಗಳನ್ನೂ U₁, U₂, U₃ ಎಂಬ ಒಂದೇ ಸಾಲಿನಿಂದ ಹಿಡಿಯಲು ಸಾಧ್ಯವಾದರೆ ಹೌಸ್ಡಾರ್ಫ್ (ಯಾವ ಎರಡು ಬಿಂದುಗಳನ್ನೂ ಒಂದಕ್ಕೊಂದು ತಾಗದ ನೆರೆಹೊರೆಗಳಿಂದ ಬೇರ್ಪಡಿಸಬಹುದಾದ) ಗ್ರೂಪಿಗೆ ದೂರವಿದೆ, ಇಲ್ಲದಿದ್ದರೆ ಇಲ್ಲ.

ಗ್ರೂಪಿನ ಅಂಶಗಳೇ 1, 2, 3 ಎಂದು ಎಣಿಕೆಗೆ ಸಿಗುವಷ್ಟಿದ್ದರೆ ನೆರೆಹೊರೆಗಳೂ ಆ ಲೆಕ್ಕಕ್ಕೆ ಸಿಗಬೇಕೆಂದು ಮೊದಲ ನೋಟಕ್ಕೆ ತೋರುತ್ತದೆ. ಹಾಗೇನೂ ಇಲ್ಲ. ಬಿಂದುಗಳು ಎಣಿಕೆಗೆ ಸಿಕ್ಕರೂ ಅವುಗಳಿಂದಾಗುವ ಉಪಗಣಗಳು ಸಿಗುವುದಿಲ್ಲ. ನೆರೆಹೊರೆ ಎಂಬುದು ಉಪಗಣ.

ಕೈಗೆಟಕುವ ಉದಾಹರಣೆಯೊಂದು ಭಾಗಲಬ್ಧ ಸಂಖ್ಯೆಗಳಿಂದಲೇ ಹುಟ್ಟುತ್ತದೆ. (x₁, x₂, x₃, …) ಎಂಬ ಸಾಲುಗಳಲ್ಲಿ ಕೆಲವನ್ನು ಬಿಟ್ಟು ಉಳಿದ ಸ್ಥಾನಗಳೆಲ್ಲ ಸೊನ್ನೆಯಾಗಿರುವಂಥವನ್ನು ಮಾತ್ರ ತೆಗೆದುಕೊಂಡರೆ ಅವು ಎಣಿಕೆಗೆ ಸಿಗುತ್ತವೆ, ಕೂಡಿಸಿದರೆ ಗ್ರೂಪೂ ಆಗುತ್ತವೆ. ಒಂದೊಂದು ಸ್ಥಾನಕ್ಕೂ ಒಂದೊಂದು ಧನ ಸಂಖ್ಯೆ ε₁, ε₂, ε₃, … ಗೊತ್ತುಮಾಡಿ, ಪ್ರತಿ nನೆಯ ಸ್ಥಾನದಲ್ಲೂ ಚಿಹ್ನೆ ಬಿಟ್ಟ ಬೆಲೆ εₙಗಿಂತ ಚಿಕ್ಕದಾಗಿರುವ ಸಾಲುಗಳ ಗಣವನ್ನು ಸೊನ್ನೆಯ ನೆರೆಹೊರೆ ಎನ್ನೋಣ. ಈಗ ಯಾರಾದರೂ U₁, U₂, … ಎಂಬ ಪಟ್ಟಿ ಕೊಟ್ಟು ಇಷ್ಟೇ ಸಾಕು ಎಂದರೆ, ಮೊದಲ ಸ್ಥಾನದಲ್ಲಿ U₁ಕ್ಕಿಂತ, ಎರಡನೆಯದರಲ್ಲಿ U₂ಕ್ಕಿಂತ, ಹೀಗೆ ಪ್ರತಿ ಸ್ಥಾನದಲ್ಲೂ ಅದೇ ಕ್ರಮಾಂಕದ ನೆರೆಹೊರೆಗಿಂತ ಕಿರಿದಾದ ಹೊಸ ನೆರೆಹೊರೆಯೊಂದನ್ನು ಕಟ್ಟಬಹುದು. ಪಟ್ಟಿಯ ಯಾವುದೂ ಅದರೊಳಗೆ ಹಿಡಿಸದು. ವಾಸ್ತವ ಸಂಖ್ಯೆಗಳು ಎಣಿಕೆಗೆ ಸಿಗವೆಂದು ತೋರಿಸಲು ಗಿಯೋರ್ಗ್ ಕ್ಯಾಂಟರ್ 1891ರಲ್ಲಿ ಬಳಸಿದ ಕರ್ಣದ ಯುಕ್ತಿಯೇ ಇಲ್ಲಿ ದೂರವನ್ನು ಅಸಾಧ್ಯವಾಗಿಸುತ್ತದೆ.

ಇತಿಹಾಸದಲ್ಲಿ ಹೆಚ್ಚು ಸದ್ದು ಮಾಡಿದ್ದು ಇನ್ನೊಂದು ದಾರಿ. ಸಂಭವನೀಯತೆಯ ಪ್ರಸಿದ್ಧ ಮಾರ್ಕೊವ್ ಅವರ ಮಗ, ಅದೇ ಹೆಸರಿನ ಆಂದ್ರೇ ಮಾರ್ಕೊವ್, 1941ರಲ್ಲಿ ಸಂಕ್ಷಿಪ್ತವಾಗಿ, 1945ರಲ್ಲಿ ವಿಸ್ತಾರವಾಗಿ ಸ್ವತಂತ್ರ ಟೊಪಾಲಜಿಕಲ್ ಗ್ರೂಪುಗಳನ್ನು ಮಂಡಿಸಿದರು. ಒಂದು ಅವಕಾಶದ (ಟೊಪಾಲಜಿ ಪಡೆದ ಗಣದ) ಬಿಂದುಗಳನ್ನು ಅಕ್ಷರಗಳೆಂದು ಭಾವಿಸಿ ಪದಗಳನ್ನು ಕಟ್ಟುವುದು, ಆ ಪದಗಳ ಗ್ರೂಪಿಗೆ ಮೂಲ ಅವಕಾಶವನ್ನು ಕೆಡಿಸದ ಅತಿ ಸೂಕ್ಷ್ಮ ಟೊಪಾಲಜಿ ಕೊಡುವುದು. 1948ರಲ್ಲಿ ಎಂ. ಐ. ಗ್ರಾಯೆವ್ ಈ ಕಟ್ಟಡವನ್ನು ಹಗುರಗೊಳಿಸಿದರು. 1, 1/2, 1/3, … ಎಂಬ ಅನುಕ್ರಮವನ್ನು ಅದರ ಮಿತಿ 0 ಸಮೇತ ಅಕ್ಷರಮಾಲೆಯಾಗಿ ತೆಗೆದುಕೊಂಡರೂ ಸಾಕು. ಪದಗಳು ಎಣಿಕೆಗೆ ಸಿಗುತ್ತವೆ. ದೂರವಿದ್ದಿದ್ದರೆ ತಟಸ್ಥಾಂಶದತ್ತ ಸಾಗುವ, ಆದರೆ ಉದ್ದ ಬೆಳೆಯುತ್ತಲೇ ಹೋಗುವ ಪದಗಳ ಅನುಕ್ರಮವೊಂದನ್ನು ಆರಿಸಬಹುದಿತ್ತು. ಇಲ್ಲಿ ಅಭಿಸರಿಸುವ ಯಾವ ಅನುಕ್ರಮದ ಪದಗಳಿಗೂ ಉದ್ದದ ಮಿತಿ ಇದ್ದೇ ಇರುತ್ತದೆ.

ಮೂರನೆಯ ಉದಾಹರಣೆ ಎಲ್ಲಕ್ಕಿಂತ ಸೊಗಸಾದದ್ದು, ಗ್ರೂಪು ಎಲ್ಲಕ್ಕಿಂತ ಪರಿಚಿತವಾದದ್ದು: ಪೂರ್ಣಾಂಕಗಳು. 1908ರ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಪರ ಫುಟ್‌ಬಾಲ್ ಆಡಿ ಬೆಳ್ಳಿ ಗೆದ್ದಿದ್ದ ಹೆರಾಲ್ಡ್ ಬೋರ್, 1920ರ ದಶಕದಲ್ಲಿ ಸುಮಾರು ಆವರ್ತಕ ಫಲನಗಳ ಸಿದ್ಧಾಂತ ಕಟ್ಟಿದರು. ಪೂರ್ಣಾಂಕಗಳಿಗೆ ಈಗ ಕೊಡಲಿರುವ ಟೊಪಾಲಜಿಗೆ ಅವರ ಹೆಸರಿದೆ. ಕೆಲವು ಕೋನಗಳನ್ನು ಆರಿಸಿ, ಒಂದೊಂದನ್ನೂ n ಬಾರಿ ತಿರುಗಿಸಿದಾಗ ಎಲ್ಲವೂ ಹೊರಟ ಜಾಗಕ್ಕೆ ಬಹು ಹತ್ತಿರ ಬಂದರೆ ಆ n ಸೊನ್ನೆಯ ನೆರೆಯವನು. ಡಿರಿಶ್ಲೆ ಅವರ ಹಳೆಯ ವಾದದಂತೆ ಇಂಥ n ಅನಂತವಾಗಿವೆ, ಆದ್ದರಿಂದ ಸೊನ್ನೆ ಒಂಟಿಯಲ್ಲ. ಆದರೂ ಸೊನ್ನೆಯಲ್ಲದ n₁, n₂, … ಪೂರ್ಣಾಂಕಗಳ ಯಾವ ಅನುಕ್ರಮವೂ ಸೊನ್ನೆಯನ್ನು ಸೇರದು. ಸೇರಿದರೆ ಪ್ರತಿ ಕೋನ xಗೂ exp(inₖx) 1ರತ್ತ ಹೋಗಬೇಕು. ಆಗ 0ಯಿಂದ 2πವರೆಗಿನ ಅದರ ಅನುಕಲನ 2πಯತ್ತ ಹೋಗಬೇಕು. ಆ ಅನುಕಲನವಾದರೋ ಪ್ರತಿ ಬಾರಿಯೂ ಸೊನ್ನೆ. ದೂರವಿರುವಲ್ಲಿ ಒಂಟಿಯಲ್ಲದ ಬಿಂದುವಿಗೆ ಇಂಥ ಅನುಕ್ರಮ ಸಿಗಲೇಬೇಕಿತ್ತು. ಇದರ ಸಾಮಾನ್ಯ ರೂಪಗಳನ್ನು 1955ರಲ್ಲಿ ಹೋರ್ಸ್ಟ್ ಲೆಪ್ಟಿನ್, 1962ರಲ್ಲಿ ಅರ್ವಿಂಗ್ ಗ್ಲಿಕ್ಸ್‌ಬರ್ಗ್ ಸಾಧಿಸಿದರು.

ಎಲ್ಲ ಎಣಿಸಬಲ್ಲ ಗ್ರೂಪುಗಳೂ ಇಷ್ಟು ಸೌಜನ್ಯದಿಂದ ಟೊಪಾಲಜಿಯನ್ನು ಒಪ್ಪುವುದಿಲ್ಲ. ಬಿಂದುಗಳೆಲ್ಲ ಒಂಟಿಯಾಗಿರುವ ಟೊಪಾಲಜಿಯ ಹೊರತು ಬೇರೆ ಹೌಸ್ಡಾರ್ಫ್ ಟೊಪಾಲಜಿಗೆ ಒಗ್ಗದ ಎಣಿಸಬಲ್ಲ ಅನಂತ ಗ್ರೂಪನ್ನು ಅಲೆಕ್ಸಾಂಡರ್ ಓಲ್ಶಾನ್‌ಸ್ಕಿ 1980ರಲ್ಲಿ ತೋರಿಸಿದರು.

ಮೇಲಿನ ಮೂರು ಉದಾಹರಣೆಗಳಲ್ಲೂ ಒಂದೇ ಕೊರತೆ. ಒಂದು ಗಣದ ಅಂಚಿಗೆ ಬಿಂದುವೊಂದು ಅಂಟಿಕೊಂಡಿದ್ದರೂ ಆ ಗಣದಿಂದ ಹೊರಟ ಯಾವ ಅನುಕ್ರಮವೂ ಅದನ್ನು ಮುಟ್ಟದಿರಬಹುದು. ಈ ಕೊರತೆಯಿಲ್ಲದ, ಅನುಕ್ರಮಗಳೇ ಸಾಕಾಗುವ ಗ್ರೂಪುಗಳಿಗೆ ಫ್ರೆಶೆ ಮತ್ತು ಉರಿಸಾನ್ ಹೆಸರಿದೆ. ಅಂಥ ಎಣಿಸಬಲ್ಲ ಗ್ರೂಪಿಗೂ ದೂರವಿಲ್ಲದಿರಲು ಸಾಧ್ಯವೇ ಎಂದು ವ್ಯಾಚೆಸ್ಲಾವ್ ಮಾಲಿಖಿನ್ 1978ರಲ್ಲಿ ಕೇಳಿದರು. ಮಾರ್ಟಿನ್‌ನ ಸ್ವಯಂಸಿದ್ಧದಂಥ ಹೆಚ್ಚುವರಿ ಊಹೆ ಸೇರಿಸಿಕೊಂಡರೆ ಸಾಧ್ಯ ಎಂಬ ಉತ್ತರ ಬಂತು. ಬರಿಯ ಗಣಸಿದ್ಧಾಂತದಿಂದ ಅಂಥ ಗ್ರೂಪನ್ನು ಕಟ್ಟಲಾಗದೆಂಬುದು ಸ್ಪಷ್ಟವಾದದ್ದು 2014ರಲ್ಲಿ: ಅನುಕ್ರಮಗಳೇ ಸಾಕಾಗುವ ಎಣಿಸಬಲ್ಲ ಗ್ರೂಪುಗಳೆಲ್ಲಕ್ಕೂ ದೂರವಿರುವ ಗಣಸಿದ್ಧಾಂತದ ಮಾದರಿಯೊಂದನ್ನು ಮೈಕೆಲ್ ಹ್ರುಶಾಕ್ ಮತ್ತು ಉಲಿಸೆಸ್ ಅರಿಯೆಲ್ ರಾಮೋಸ್ ಗಾರ್ಸಿಯಾ ಮೆಕ್ಸಿಕೊದಲ್ಲಿ ಕಟ್ಟಿದರು.